ಜಪಾನಿನಲ್ಲಿ ಬರೀ ಮಣ್ಣು ಉಳಿದಿರುವ ಸಣ್ಣ ಕೋಟೆ ನೋಡೋಕೆ ಹೋಗಬೇಕಾ?

ಹಿಮೇಜಿ, ಒಸಾಕಾ ಹೇಗೂ ನೋಡ್ತೀರಿ. ಅದರ ಜೊತೆ ಗದ್ದಲ ಇಲ್ಲದ ಒಂದು ಸಣ್ಣ ಕೋಟೆಯೂ ಬೇಕು, ಆದರೆ ಅಂಥ ಕಡೆ ಮಣ್ಣು, ಹುಲ್ಲು ಬಿಟ್ಟರೆ ಏನೂ ಇರಲ್ಲವಂತೆ, ಹೋಗಿ ಏನು ಪ್ರಯೋಜನ ಅಂತ ಕೇಳಿದ್ದೀರಿ.

ಹೋಗಿ. ನನ್ನನ್ನು ಕೇಳಿದರೆ ಯಾಮಾನಾಕಾ ಕೋಟೆಗೆ ಹೋಗಿ. ನಾನಿರುವುದು ಶಿಜುಓಕಾ ಪ್ರಾಂತ್ಯದಲ್ಲೇ. ಊರಿಂದ ಯಾರಾದರೂ ಬಂದರೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಬಸ್ಸಿಂದ ಇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: "ಕೋಟೆ ಎಲ್ಲಿ?" ಚಿತ್ರದುರ್ಗ ನೋಡಿದ ಕಣ್ಣಿಗೆ ಕಲ್ಲು ಕಾಣದಿದ್ದರೆ ಅದು ಕೋಟೆ ಅನ್ನಿಸುವುದೇ ಇಲ್ಲ, ಅಲ್ವಾ? ಆದರೆ ಇಲ್ಲಿನ ಕಲ್ಲು ಬಿದ್ದುಹೋಗಿದ್ದಲ್ಲ. ಕಟ್ಟಿದವರೇ ಕಲ್ಲು ಬಳಸಿರಲಿಲ್ಲ. ಗುಡ್ಡ ಕಡಿದು, ಮಣ್ಣು ಪೇರಿಸಿ, ಕಂದಕ ತೋಡಿ ಮಾಡಿದ ಕೋಟೆ ಇದು. ಮೇಲಿದ್ದ ಮರದ ಕಟ್ಟಡಗಳು ಹೋಗಿವೆ, ನಿಜ. ಆದರೆ ಶತ್ರುವನ್ನು ತಡೆಯಬೇಕಾಗಿದ್ದ ಮಣ್ಣು ಇನ್ನೂ ಅಲ್ಲೇ ಇದೆ. ಒಸಾಕಾದಲ್ಲಿ ಎಲ್ಲರೂ ಫೋಟೋ ತೆಗೆಯುವ ಗೋಪುರ 1931ರ ಕಾಂಕ್ರೀಟ್ ಕಟ್ಟಡ. ಹಳೆಯದು ಯಾವುದು ಅಂತ ನೀವೇ ಲೆಕ್ಕ ಹಾಕಿ.

ಜಾಗ ಹಕೋನೆ ಬೆಟ್ಟದ ಪಶ್ಚಿಮ ಇಳಿಜಾರಿನಲ್ಲಿ, ಮಿಶಿಮಾ ಪಟ್ಟಣದ ಮೇಲೆ, ಸುಮಾರು 580 ಮೀಟರ್ ಎತ್ತರದಲ್ಲಿದೆ. ಬೆಟ್ಟದ ಪೂರ್ವಕ್ಕಿರುವ ಓಡಾವಾರಾದಲ್ಲಿ ಕೂತು, ಈಗಿನ ಟೋಕಿಯೋ ಸುತ್ತಲಿನ ಕಾಂಟೋ ಪ್ರದೇಶ ಆಳುತ್ತಿದ್ದ ಹೋಜೋ ಮನೆತನ 1560ರ ದಶಕದ ಆಸುಪಾಸಿನಲ್ಲಿ ಇದನ್ನು ಕಟ್ಟಿಸಿತು. ಪಶ್ಚಿಮದಿಂದ ಓಡಾವಾರಾಕ್ಕೆ ಬರಬೇಕಾದರೆ ಹಕೋನೆ ದಾಟಬೇಕು. ಆ ದಾರಿಯನ್ನೇ ಕೋಟೆಯೊಳಗೆ ಹಾಯಿಸಿಬಿಟ್ಟಿದ್ದರು. ಬರುವವರು ಇವರ ಕಣ್ಣು ತಪ್ಪಿಸಿ ಹೋಗುವ ಹಾಗೇ ಇರಲಿಲ್ಲ.

ಈಗ ಕಂದಕದ ವಿಷಯಕ್ಕೆ ಬರೋಣ. ಇಷ್ಟು ದೂರ ಹೋಗುವುದೇ ಅದಕ್ಕೆ. ಪಶ್ಚಿಮದ ಅಂಕಣ (ಕಂದಕಗಳ ನಡುವಿನ ಸಪಾಟು ವಿಭಾಗ), ಅಂದರೆ ನಿಶಿ-ನೋ-ಮಾರು, ಅದರ ಅಂಚಿನಲ್ಲಿ ನಿಂತು ಕೆಳಗೆ ನೋಡಿ. ಕಂದಕದ ತಳ ಸಪಾಟಾಗಿಲ್ಲ. ಒಳಗೆ ಉದ್ದಕ್ಕೂ ಅಡ್ಡಕ್ಕೂ ಮಣ್ಣಿನ ದಿಬ್ಬಗಳನ್ನು ಬಿಟ್ಟು ಗುಂಡಿ ಗುಂಡಿಯಾಗಿ ತೋಡಿದ್ದಾರೆ. ಮೇಲಿಂದ ನೋಡಿದರೆ ದೊಡ್ಡ ಪಡ್ಡಿನ ಹಂಚು. ಇದಕ್ಕೆ ಶೋಜಿ-ಬೋರಿ ಅಂತಾರೆ. ಹೋಜೋಗಳ ಕೋಟೆಗಳಲ್ಲಿ ಈ ಕೆಲಸ ಜಾಸ್ತಿ ಕಾಣುತ್ತದೆ.

ಸುಮ್ನೆ ಚೆಂದಕ್ಕೆ ಮಾಡಿದ್ದಲ್ಲ ಇದು. ಮಾಮೂಲಿ ಕಂದಕವಾದರೆ ಒಳಗೆ ಇಳಿದ ಸೈನಿಕ ತಳದಲ್ಲೇ ಓಡಿ ಹತ್ತುವುದಕ್ಕೆ ಸುಲಭವಾದ ಜಾಗ ಹುಡುಕಬಹುದು. ಇಲ್ಲಿ ಒಂದು ಗುಂಡಿಗೆ ಬಿದ್ದರೆ ಪಕ್ಕದ ಗುಂಡಿಗೂ ಹೋಗುವ ಹಾಗಿಲ್ಲ. ದಿಬ್ಬ ಹತ್ತಬೇಕು. ಮಣ್ಣು ಜ್ವಾಲಾಮುಖಿಯ ಬೂದಿಯಿಂದ ಆದದ್ದು, ಕಾಂಟೋ ಲೋಮ್ ಅಂತ ಕರೆಯುತ್ತಾರೆ. ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ಹೇಗೋ ಹತ್ತಿ ದಿಬ್ಬದ ಮೇಲೆ ಬಂದರೆ ಅಗಲ ಕಮ್ಮಿ, ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಮೇಲಿನ ಬಂದೂಕಿನವನಿಗೆ ಇನ್ನೇನು ಬೇಕು?

ಒಂದು ಮಾತು ಮಾತ್ರ ತಲೆಯಲ್ಲಿರಲಿ. ನೀವು ನೋಡುವ ಹಸಿರು ಇಳಿಜಾರು ಆಗಿನದ್ದಲ್ಲ. ಈ ಜಾಗ 1934ರಲ್ಲೇ ರಾಷ್ಟ್ರೀಯ ಐತಿಹಾಸಿಕ ತಾಣ ಆಗಿತ್ತು. 1973ರಿಂದ ಮಿಶಿಮಾ ನಗರದವರು ಅಗೆದು ನೋಡಿದಾಗ ಕಂದಕಗಳ ಆಕಾರ ಸರಿಯಾಗಿ ಗೊತ್ತಾಯಿತು. ಹಾಗೇ ಬಿಟ್ಟರೆ ಮಳೆಗೆ ಕೊಚ್ಚಿಹೋಗುತ್ತದೆ ಅಂತ ಮೇಲೆ ಮಣ್ಣು ಹೊದಿಸಿ ಹುಲ್ಲು ಬೆಳೆಸಿದ್ದಾರೆ. ಹಾಗಾಗಿ ಅಂಚುಗಳು ಮೆತ್ತಗೆ, ಆಳ ಸ್ವಲ್ಪ ಕಮ್ಮಿ. ಹುಲ್ಲು ತೆಗೆದುಹಾಕಿ, ಇನ್ನೂ ಕಡಿದಾದ ಬೋಳು ಕೆಂಪು ಮಣ್ಣನ್ನು ಕಲ್ಪಿಸಿಕೊಳ್ಳಿ. ಗಾಲ್ಫ್ ಮೈದಾನದ ಹಾಗೆ ಕಾಣುವುದು ಆಗ ಭಯ ಹುಟ್ಟಿಸುತ್ತದೆ.

ಇಷ್ಟೆಲ್ಲಾ ಮಾಡಿಯೂ ಕೋಟೆ ಅರ್ಧ ದಿನದಲ್ಲಿ ಬಿತ್ತು! 1590ರಲ್ಲಿ, ಇಡೀ ಜಪಾನನ್ನು ತನ್ನ ಕೈಕೆಳಗೆ ತರುತ್ತಿದ್ದ ತೊಯೊತೊಮಿ ಹಿಡೆಯೋಶಿ ಹೋಜೋಗಳನ್ನು ಮುಗಿಸಲು ಹೊರಟ. ಈಗಿನ ಕ್ಯಾಲೆಂಡರಿನಂತೆ ಮೇ 3ರಂದು ಅವನ ಸೋದರಳಿಯ ಹಿಡೆತ್ಸುಗುವಿನ ನೇತೃತ್ವದಲ್ಲಿ ಸುಮಾರು 70,000 ಜನ ಇಲ್ಲಿಗೆ ನುಗ್ಗಿದರು. ಒಳಗಿದ್ದವರು 4,000ದಷ್ಟು. ಕಂದಕ ಕೆಟ್ಟದಾಗಿತ್ತು ಅಂತ ಸೋತಿದ್ದಲ್ಲ. ಅಷ್ಟು ಉದ್ದದ ಅಂಚನ್ನು ಕಾಯಲು ಜನ ಸಾಲಲಿಲ್ಲ. ಯುದ್ಧ ಬರುತ್ತದೆ ಅಂತ ಗೊತ್ತಾದ ಮೇಲೆ ಅವಸರದಲ್ಲಿ ವಿಸ್ತರಿಸಿದ ದಕ್ಷಿಣದ ದಾಯ್ಸಾಕಿ ಭಾಗವಂತೂ ಪೂರ್ತಿಯೇ ಆಗಿರಲಿಲ್ಲ. ಅರ್ಧಕ್ಕೆ ಬಿಟ್ಟ ಕೆಲಸ ಅಗೆದಾಗಲೂ ಕಂಡಿದೆ. ಅಲ್ಲಿ ಕಾವಲಿದ್ದ ಮಾಮಿಯಾ ಯಾಸುತೋಶಿ ಎಂಬ ಹಿರಿಯ ಯೋಧ ಅಲ್ಲೇ ಸತ್ತ. ಕೋಟೆಯ ಮುಖ್ಯಸ್ಥ ಮಾತ್ಸುದಾ ಯಾಸುನಾಗಾನೂ ಸತ್ತ. ಹಾಗಂತ ದಾಳಿ ಮಾಡಿದವರಿಗೆ ಪುಕ್ಕಟೆ ಸಿಗಲಿಲ್ಲ. ಹಿಡೆಯೋಶಿಯ ಹಳೆಯ ಸರದಾರ ಹಿತೋತ್ಸುಯಾನಾಗಿ ನಾವೋಸುಯೆ ಗುಂಡೇಟಿಗೆ ಬಲಿಯಾದ.

ಈ ಎರಡೂ ಕಡೆಯವರ ಸಮಾಧಿಗಳು ಈಗ ಒಂದೇ ಅಂಗಳದಲ್ಲಿವೆ. ಮೂರನೇ ಅಂಕಣವಿದ್ದ ಜಾಗದಲ್ಲಿರುವ ಸೋಕಾನ್-ಜಿ ದೇವಾಲಯಕ್ಕೆ ತಪ್ಪದೆ ಹೋಗಿ. ಮಾಮಿಯಾನ ಮಗಳು ಮುಂದೆ, ಹಿಡೆಯೋಶಿಯ ನಂತರ ಜಪಾನ್ ಆಳಿದ ತೊಕುಗಾವಾ ಇಯೆಯಾಸುವಿನ ಅಂತಃಪುರ ಸೇರಿದಳು. ದೇವಾಲಯ ಕಟ್ಟಿಸಿದ್ದು ಅವಳೇ ಅಂತ ಹೇಳುತ್ತಾರೆ. ಆ ದಿನ ಕೋಟೆಯ ಮೇಲೆ ದಾಳಿ ಮಾಡಿದವರ ಕಡೆ ಇಯೆಯಾಸುವಿನ ಸೈನ್ಯವೂ ಇತ್ತು.

ಅಲ್ಲೇ ಹತ್ತಿರ ಎರಡು ಕೊಳಗಳಿವೆ, ಜನ ಅವನ್ನು ನೋಡದೇ ಹೋಗುತ್ತಾರೆ. ಮೇಲಿನದು ಕುಡಿಯುವ ನೀರಿಗೆ, ಕೆಳಗಿನದು ಕುದುರೆಗಳಿಗೆ, ತೊಳೆಯುವುದಕ್ಕೆ. ಬೆಟ್ಟದ ಮೇಲೆ ಸಾವಿರಾರು ಜನ ಇರಬೇಕಾದರೆ ಕಂದಕಕ್ಕಿಂತ ಮೊದಲು ಯೋಚಿಸಬೇಕಾದದ್ದು ನೀರಿನ ಬಗ್ಗೆಯೇ.

ಹೋಗುವುದು ಸುಲಭ. ಟೋಕಿಯೋದಿಂದ ಕೊದಾಮಾ ಶಿಂಕಾನ್ಸೆನ್ (ಬುಲೆಟ್ ರೈಲು) ಹತ್ತಿ ಮಿಶಿಮಾದಲ್ಲಿ ಇಳಿಯಿರಿ. ಸ್ಟೇಷನ್ ಮುಂದೆ ಮೋತೋ-ಹಕೋನೆಗೆ ಹೋಗುವ ಬಸ್ ಸಿಗುತ್ತದೆ. ಅರ್ಧ ಗಂಟೆಯ ದಾರಿ, ಕೋಟೆಯ ಹೆಸರಿನದ್ದೇ ಸ್ಟಾಪ್. ಟಿಕೆಟ್ ಇಲ್ಲ. ಬಸ್ ಆಗಾಗ ಇರುವುದಿಲ್ಲ, ವಾಪಸ್ ಸಮಯ ಇಳಿದಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ. ಚಳಿಗಾಲದ ಬೆಳಿಗ್ಗೆ ಹೋದರೆ ಫುಜಿ ಪರ್ವತ ಕಾಣುವ ಸಾಧ್ಯತೆ ಜಾಸ್ತಿ. ಮಳೆ ಬಂದ ಮರುದಿನ ಹೋಗಬೇಡಿ, ಆ ಮಣ್ಣಿನ ಗುಣ ಮೇಲೇ ಹೇಳಿದ್ದೇನೆ. ಕಂದಕದೊಳಗೆ ಇಳಿಯುವ ಹಾಗಿಲ್ಲ, ಅಂಚಿನ ದಾರಿಯಲ್ಲೇ ನಡೆಯಬೇಕು. ಹೆದ್ದಾರಿಯ ಆಚೆ ಇರುವ ದಾಯ್ಸಾಕಿಯನ್ನು ಬಿಟ್ಟು ಬರುವವರೇ ಹೆಚ್ಚು. ನೀವು ಹಾಗೆ ಮಾಡಬೇಡಿ, ಅಲ್ಲಿಂದ ಸುರುಗಾ ಕೊಲ್ಲಿಯೂ ಕಾಣುತ್ತದೆ.

ಎರಡು ಮೂರು ಗಂಟೆ ಸಾಕು. ಟೈಮ್ ಉಳಿದರೆ ಅದೇ ದಿನ ಓಡಾವಾರಾಕ್ಕೂ ಹೋಗಬಹುದು. ಅಲ್ಲಿನ ಬಿಳಿ ಗೋಪುರವೂ 1960ರ ಕಾಂಕ್ರೀಟೇ. ಅದರ ಹಿಂದಿನ ಗುಡ್ಡದಲ್ಲಿ ಹೋಜೋಗಳು ಕಡಿಸಿದ ಕೊಮಿನೆಯ ದೊಡ್ಡ ಮಣ್ಣಿನ ಕಂದಕ ಉಳಿದಿದೆ, ಮೊದಲು ಅದನ್ನು ನೋಡಿ. ಅದರೊಳಗೆ ಇಳಿದು ನಡೆಯಲೂಬಹುದು.