‘ನಾಟ್ ಐಡಿಯಲ್’ ಅಂದ್ರೆ ಬರಬೇಡ ಅಂತ

ತಮ್ಮ, ನಿನ್ನ ಮೆಸೇಜ್ ನೋಡಿದೆ. ಸೆಪ್ಟೆಂಬರಲ್ಲಿ ಮೈಸೂರಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಓದಕ್ಕೆ ಹೊರಟಿದ್ದೀಯ. ಮಧ್ಯರಾತ್ರಿ ಮೇಲೆ ರೂಮಿಗೆ ಬರ್ತೀನಿ ಅಂತ ಬರೆದಿದ್ದಕ್ಕೆ ಮನೆ ಓನರಮ್ಮ ‘ನಾಟ್ ಐಡಿಯಲ್’ ಅಂದಿದ್ದಾರೆ, ‘ಅಂದ್ರೆ ಪರವಾಗಿಲ್ಲ ತಾನೇ ಅಣ್ಣ?’ ಅಂತ ಕೇಳ್ತೀಯ. ಅಲ್ಲ ಕಣಪ್ಪ. ಆ ಹೊತ್ತಲ್ಲಿ ಬರಬೇಡ ಅಂತ.

ಚಳಿ ತಡ್ಕೋಬಹುದು. ಡಿಸೆಂಬರಲ್ಲಿ ನಾಲ್ಕು ಗಂಟೆಗೆ ಮುಂಚೇನೇ ಸೂರ್ಯ ಮುಳುಗಿಬಿಡ್ತಾನಲ್ಲ, ಅದು ಕಷ್ಟ. ಪಾಠ ನಡೆಯೋ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೇಲೆ ಕೆಲಸ ಮಾಡಬೇಡ, ವೀಸಾಗೇ ಕುತ್ತು. ಅಮ್ಮ ತುಪ್ಪ ಕಟ್ಟಿಕೊಡಕ್ಕೆ ಬಂದ್ರೆ ಬೇಡ ಅನ್ನು, ಹಾಲಿನ ಪದಾರ್ಥ ಒಳಗೆ ಬಿಡಲ್ಲ. ರಾಗಿ ಹಿಟ್ಟು ಎರಡು ಕೆಜಿ ಇಟ್ಕೋ. ಉಳಿದಿದ್ದು ಹೋದ್ಮೇಲೆ ಗೊತ್ತಾಗುತ್ತೆ.

ಗೊತ್ತಾಗದೇ ಇರೋದು ಮಾತು. ನಮ್ಮ ಮಂಡ್ಯದಲ್ಲಿ ಸಾರು ಕೆಟ್ಟಿದ್ರೆ ‘ಥೂ, ಬಾಯಿಗಿಡಂಗಿಲ್ಲ’ ಅಂತ ತಟ್ಟೆ ಮುಂದೇನೇ ಹೇಳ್ತೀವಿ. ಅಲ್ಲಿ ‘ಇಂಟರೆಸ್ಟಿಂಗ್’ ಅಂತಾರೆ. ನಾನು ಹೋಗಿದ್ದು 2004ರಲ್ಲಿ. ಮೊದಲ ರಿಪೋರ್ಟ್ ನೋಡಿ ಮೇಷ್ಟ್ರು ‘ಕ್ವೈಟ್ ಗುಡ್’ ಅಂದ್ರು. ಅಪ್ಪನಿಗೆ ಫೋನ್ ಮಾಡಿ ಹೇಳಿ, ಅವರು ಬೀದಿಗೆಲ್ಲ ಹೇಳಿದ್ದಾಯ್ತು. ಮಾರ್ಕ್ಸ್ ಬಂದಾಗ ನೋಡಿದ್ರೆ ಪಾಸು, ಅಷ್ಟೇ. ಇನ್ನೊಂದ್ಸಲ ಜ್ವರ ಬಂದಿತ್ತು. ಕೆಲಸ ಮಾಡ್ತಿದ್ದ ಕ್ಯಾಂಟೀನಿಗೆ ಫೋನ್ ಮಾಡಿ ‘ರಾತ್ರಿಯೆಲ್ಲ ಸಿಕ್ ಆಗಿದ್ದೆ’ ಅಂದೆ. ಅವರ ಇಂಗ್ಲಿಷಲ್ಲಿ ಅದು ವಾಂತಿ! ವಾಂತಿ ನಿಂತು 48 ಗಂಟೆ ಆಗೋವರೆಗೂ ಅಡುಗೆಮನೆ ಕಡೆ ತಲೆ ಹಾಕಬೇಡ ಅಂದ್ರು. ಎರಡು ದಿನದ ಸಂಬಳ ಹೋಯ್ತು.

ಇವೆಲ್ಲ ನಗೋ ಮಾತು. ‘ಪೂರ್ಲಿ’ ಅನ್ನೋ ಪದ ಮಾತ್ರ ನನಗೆ ನಗಕ್ಕಾಗಲ್ಲ. ಪಕ್ಕದ ಮನೇಲಿ ಒಬ್ಬರೇ ಇದ್ದ ಅಜ್ಜ ಬೇಲಿ ಮೇಲಿಂದ ಟೊಮ್ಯಾಟೊ ಕೊಡೋರು, ನಾನು ಅದೇ ಡಬ್ಬೀಲಿ ಬಸ್ಸಾರು ಹಾಕಿ ಕಳಿಸ್ತಿದ್ದೆ. ಒಂದು ಸಂಜೆ, ಹೇಗಿದ್ದೀರಿ ಅಂತ ಕೇಳಿದ್ದಕ್ಕೆ ‘ಎ ಬಿಟ್ ಪೂರ್ಲಿ’ ಅಂದ್ರು. ಸ್ವಲ್ಪ ಹುಷಾರಿಲ್ಲ ಅಂತ. ನನಗೆ ಒಲೆ ಮೇಲೆ ಮುದ್ದೆಗೆ ಎಸರು ಕುದೀತಿತ್ತು. ‘ಟೇಕ್ ಕೇರ್’ ಅಂದು ಒಳಗೆ ಬಂದುಬಿಟ್ಟೆ. ಅಲ್ಲಿ ಆಸ್ಪತ್ರೆ ನರ್ಸ್‌ಗಳು ‘ವೆರಿ ಪೂರ್ಲಿ’ ಅಂದ್ರೆ ಮನೆಯವರನ್ನ ಕರೆಸ್ಕೊಳ್ಳೋ ಸ್ಥಿತಿ ಅಂತ ಆಮೇಲೆ ತಿಳೀತು. ಮೂರು ವಾರಕ್ಕೆ ಅವರ ಬಾಗಿಲ ಮುಂದೆ ಹೆಣ ಒಯ್ಯೋ ಕಪ್ಪು ಕಾರು ನಿಂತಿತ್ತು.

ಇಂಗ್ಲಿಷ್ ಬರ್ತಿರಲಿಲ್ಲ ಅನ್ನೋ ನೆಪ ನನಗಿಲ್ಲ. 2011ರಲ್ಲಿ ಮಂಡ್ಯದಿಂದ ಚಿಕ್ಕಪ್ಪ ಫೋನ್ ಮಾಡಿ ‘ಅಪ್ಪಂಗೆ ಸ್ವಲ್ಪ ಹುಷಾರಿಲ್ಲ, ಬಂದು ಹೋಗು’ ಅಂದಾಗ ಒಂದು ಪ್ರಶ್ನೇನೂ ಕೇಳದೆ ಟಿಕೆಟ್ ತೆಗೆದವನು ನಾನು. ಆ ‘ಸ್ವಲ್ಪ’ ಎಷ್ಟು ಅಂತ ಯಾರು ಹೇಳಿಕೊಡಬೇಕು? ಅಜ್ಜ ಹೇಳಿದ್ದೂ ಅದೇ ಮಾತು, ಅದೇ ಅಳತೆ. ಅವರ ಡಬ್ಬಿ ಇನ್ನೂ ನಮ್ಮನೇಲೇ ಇದೆ.

ಇರಲಿ. ಓನರಮ್ಮನಿಗೆ ಇವತ್ತೇ ಬರಿ, ಬೆಳಿಗ್ಗೆ ಹತ್ತರ ಮೇಲೆ ಬರ್ತೀನಿ ಅಂತ. ‘ಲವ್ಲಿ’ ಅಂತ ಉತ್ತರ ಬಂದ್ರೆ ಸರಿ. ‘ಫೈನ್’ ಅಂತಷ್ಟೇ ಬಂದ್ರೆ ನನಗೊಂದು ಫೋನ್ ಮಾಡು.