ಹಾರೆ ಆಮೇಲೆ, ಮೊದಲು ಟಿಪ್ಪಣಿ

ಹೊಲದ ಗಡಿಯ ಬಗ್ಗೆ ಓದುಗರಿಂದ ಈ ಸಲವೂ ಅವೇ ಪ್ರಶ್ನೆಗಳು. ಪ್ರಶ್ನೆ ಮೇಲೆ, ನನ್ನ ಉತ್ತರ ಅದರ ಕೆಳಗೆ. ಸುಗ್ಗಿ ಮುಗಿದು ಹೊಲ ಖಾಲಿಯಾದ ಕೂಡಲೇ ಎಲ್ಲರಿಗೂ ಗಡಿ ನೆನಪಾಗುತ್ತದೆ. ಬಿತ್ತನೆಯ ಹೊತ್ತಿಗೆ ಜಗಳ ಪೊಲೀಸ್ ಠಾಣೆ ಮುಟ್ಟಿರುತ್ತದೆ. ಪಹಣಿ ಎಂದರೇನು, ಸರ್ವೆ ನಂಬರು ಎಂದರೇನು ಎಂದು ಇಲ್ಲಿ ಪಾಠ ಮಾಡುವುದಿಲ್ಲ. ಜಮೀನು ಇಟ್ಟುಕೊಂಡವರಿಗೆ ಅಷ್ಟಾದರೂ ಗೊತ್ತಿರಬೇಕು.

ಶಿರಾ ಬಳಿಯ ಹಳ್ಳಿಯಲ್ಲಿ ತಂದೆಯಿಂದ ಬಂದ 3 ಎಕರೆ ಖುಷ್ಕಿ (ಮಳೆ ನಂಬಿದ ಹೊಲ) ಇದೆ. ನಾನಿರುವುದು ಬೆಂಗಳೂರಿನಲ್ಲಿ. ಪಕ್ಕದವರು ಬದು ಒತ್ತಿದ್ದಾರೆ ಎಂದು ಚಿಕ್ಕಪ್ಪ ಹೇಳುತ್ತಾರೆ. ಗಡಿಗೆ ನೆಟ್ಟ ಬಾಂದು ಕಲ್ಲು ಒಂದೂ ಕಾಣುತ್ತಿಲ್ಲ. ಸರ್ವೆಗೆ ಅರ್ಜಿ ಹಾಕುವ ಮೊದಲು ನಾನೇ ಹುಡುಕಬಹುದೇ?

ಹುಡುಕಿ. ಆದರೆ ಹುಡುಕುವುದು ಬೇರೆ, ಕೀಳುವುದು, ನೆಡುವುದು, ಸರಿಸುವುದು ಬೇರೆ. ಸರ್ಕಾರ ನೆಟ್ಟ ಗಡಿ ಕಲ್ಲನ್ನು ಕೇಡು ಮಾಡುವ ಉದ್ದೇಶದಿಂದ ಕಿತ್ತರೆ, ಸರಿಸಿದರೆ ಒಂದು ವರ್ಷದವರೆಗೆ ಜೈಲು. ಹಳೆಯ ದಂಡ ಸಂಹಿತೆಯಲ್ಲಿ ಇದು 434ನೇ ಕಲಂ, ಈಗಿನ ನ್ಯಾಯ ಸಂಹಿತೆಯಲ್ಲೂ ಇದೆ. ‘ವಾಲಿತ್ತು, ನೆಟ್ಟಗೆ ಮಾಡಿದೆ’ ಎಂಬ ನೆಪವನ್ನು ಎದುರು ಪಾರ್ಟಿಯ ವಕೀಲರು ಒಂದು ನಿಮಿಷವೂ ಉಳಿಸುವುದಿಲ್ಲ.

ಊರಿಗೆ ಬಸ್ ಹತ್ತುವ ಮುನ್ನ ಪಹಣಿ ತೆಗೆದು ಸರ್ವೆ ನಂಬರು ನೋಡಿ. ಅದರ ಪಕ್ಕದಲ್ಲಿ ಪಿ1, ಪಿ2 ಅಂತ ಇದೆಯೇ? ಹಾಗಿದ್ದರೆ ಅದು ಪೈಕಿ ಪಹಣಿ, ನಿಮ್ಮದು ಪೋಡಿಯಾಗದ, ಅಂದರೆ ಅಳೆದು ಬೇರೆ ಮಾಡಿ ಪ್ರತ್ಯೇಕ ನಂಬರು ಕೊಡದ ಜಮೀನು. ಇಡೀ ಸರ್ವೆ ನಂಬರಿಗೆ ಸುತ್ತ ಕಲ್ಲು ಇರಬಹುದು, ಒಳಗೆ ನಿಮ್ಮ 3 ಎಕರೆಗೆ ಎಂದು ಯಾರೂ ಯಾವತ್ತೂ ಕಲ್ಲು ನೆಟ್ಟಿಲ್ಲ. ಇಲ್ಲದ ಕಲ್ಲಿಗಾಗಿ ಬದು ಅಗೆದು ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿ ನೋಡಿ ಸಾಕಾಗಿದೆ. ನಿಮಗೆ ಬೇಕಾಗಿರುವುದು ಪೋಡಿ, ಹಾರೆಯಲ್ಲ. ಆಮೇಲೆ ಮುಂದಿನದನ್ನು ಓದುವ ಅಗತ್ಯವೂ ಇಲ್ಲ.

ಪೋಡಿ ಆಗಿದೆ ಎಂದುಕೊಳ್ಳೋಣ. ತಾಲ್ಲೂಕಿನ ಸರ್ವೆ ಶಾಖೆಯಿಂದ ಟಿಪ್ಪಣಿ (ಹೊಲದ ಅಳತೆ ಬರೆದ ಹಾಳೆ), ವಿಸ್ತೀರ್ಣ-ಕಂದಾಯದ ದಾಖಲೆಯಾದ ಆಕಾರ್‌ಬಂದ್, ಗ್ರಾಮ ನಕ್ಷೆಯ ನಕಲು ತೆಗೆಸಿ. ನಿಮ್ಮದು ಹಿಸ್ಸಾ (ಸರ್ವೆ ನಂಬರನ್ನು ಒಡೆದು ಮಾಡಿದ ಭಾಗ) ಆಗಿದ್ದರೆ ಹಿಸ್ಸಾ ಟಿಪ್ಪಣಿಯೂ ಬೇಕು. ಪಕ್ಕದ ಸರ್ವೆ ನಂಬರುಗಳ ಟಿಪ್ಪಣಿಯನ್ನೂ ತೆಗೆಸಿದರೆ ಜಾಣರು. ಒಂದೇ ಗಡಿಯ ಅಳತೆ ಎರಡೂ ಕಡೆ ತಾಳೆಯಾಗುತ್ತದೋ ಇಲ್ಲವೋ ಆಗಲೇ ಗೊತ್ತಾಗುತ್ತದೆ.

ಹಳೆಯ ಟಿಪ್ಪಣಿಯನ್ನು ನೋಡಿದ ಕೂಡಲೇ ಜನ ಮಾಡುವ ತಪ್ಪೆಂದರೆ ಅದನ್ನು ನಕ್ಷೆ ಎಂದುಕೊಳ್ಳುವುದು. ಅದು ಸ್ಕೇಲಿಗೆ ಬರೆದದ್ದಲ್ಲ. ಅಳತೆಗಾರ ಹೊಲದಲ್ಲಿ ನಿಂತು ಕೈಯಲ್ಲಿ ಗೀಚಿದ ಆಕಾರ, ಅದರ ಮೇಲೆ ಅಂಕಿ. ಗೆರೆಯನ್ನು ನಂಬಬೇಡಿ, ಅಂಕಿಯನ್ನು ನಂಬಿ. ನಡುವೆ ಉದ್ದಕ್ಕೆ ಹೋಗುವುದು ಬೇಸ್ ಲೈನ್, ಅದರಿಂದ ಎಡಕ್ಕೆ ಬಲಕ್ಕೆ ಲಂಬವಾಗಿ ಮೂಲೆಗಳಿಗೆ ಹೋಗುವುವು ಆಫ್‌ಸೆಟ್. ಅಂಕಿ ಇರುವುದು ಸರಪಳಿ ಮತ್ತು ಆಣೆಯಲ್ಲಿ. ಒಂದು ಸರಪಳಿಗೆ 33 ಅಡಿ, ಸರಪಳಿಗೆ 16 ಆಣೆ, ಅಂದರೆ ಆಣೆಗೆ ಎರಡು ಅಡಿಗಿಂತ ಮುಕ್ಕಾಲು ಇಂಚು ಹೆಚ್ಚು. ಟಿಪ್ಪಣಿಯಲ್ಲಿ 8 ಸರಪಳಿ 4 ಆಣೆ ಇದ್ದರೆ ನೆಲದ ಮೇಲೆ 272 ಅಡಿ 3 ಇಂಚು. ಆಣೆಗೆ ಎರಡೇ ಅಡಿ ಎಂದು ಅಂದಾಜು ಹಾಕಿದರೆ ಸರಪಳಿಗೆ ಒಂದೊಂದು ಅಡಿ ಕಳೆದುಕೊಳ್ಳುತ್ತೀರಿ. (ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲದ ಕಡೆಯವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ 66 ಅಡಿಯ ಸರಪಳಿ, 100 ಲಿಂಕು, ಎಕರೆ-ಸೆಂಟ್ಸು.)

ಇನ್ನು ನೆಲಕ್ಕೆ ಬನ್ನಿ. ನಿಮ್ಮ ಕಲ್ಲು ಕಾಣದಿದ್ದರೆ ನಿಮ್ಮ ಹೊಲದಲ್ಲೇ ಸುತ್ತಬೇಡಿ, ಹೊರಗೆ ಹೋಗಿ. ಮೂರು ಸರ್ವೆ ನಂಬರು ಕೂಡುವ ಜಾಗದ ಕಲ್ಲು, ಊರಗಡಿಯ ಕಲ್ಲು ಸಾಮಾನ್ಯವಾಗಿ ಉಳಿದಿರುತ್ತವೆ, ಏಕೆಂದರೆ ಅದನ್ನು ಕಿತ್ತರೆ ಕೇಳುವವರು ಮೂರು ಜನ. ಪಕ್ಕದ ಹೊಲಕ್ಕೆ ಕಾಲಿಡುವ ಮುನ್ನ ಆ ಹೊಲದವರಿಗೆ ಹೇಳಿ, ಸಾಧ್ಯವಾದರೆ ಅವರನ್ನೇ ಕರೆದುಕೊಂಡು ಹೋಗಿ, ಟೇಪಿನ ಒಂದು ತುದಿ ಅವರ ಕೈಗೇ ಕೊಡಿ. ಕನಿಷ್ಠ ಎರಡು ಗಟ್ಟಿ ಕಲ್ಲು ಸಿಗಬೇಕು, ಮೂರನೆಯದು ತಾಳೆ ನೋಡಲು. ಆ ಎರಡರ ನಡುವಿನ ದೂರ ಟಿಪ್ಪಣಿಗೆ ಕೂಡಿದರೆ ಮಾತ್ರ ಅಲ್ಲಿಂದ ಹೊರಡಿ. ತಂತಿಬೇಲಿಯಿಂದ, ರಸ್ತೆಯ ಅಂಚಿನಿಂದ, ಹಳ್ಳದ ದಂಡೆಯಿಂದ ಅಳೆಯಲು ಶುರುಮಾಡುವವರಿಗೆ ನನ್ನಲ್ಲಿ ಉತ್ತರವಿಲ್ಲ. ರಸ್ತೆ ಅಗಲವಾಗುತ್ತದೆ, ಹಳ್ಳ ದಿಕ್ಕು ಬದಲಿಸುತ್ತದೆ, ಬೇಲಿ ಹಾಕಿದವನ ಮನಸ್ಸಿಗೆ ಬಂದ ಕಡೆ ಹೋಗುತ್ತದೆ.

ಇಳಿಜಾರಿದ್ದರೆ ಟೇಪನ್ನು ನೆಲಕ್ಕೆ ಮಲಗಿಸಬೇಡಿ. ಸಮಮಟ್ಟಕ್ಕೆ ಎತ್ತಿ ಹಿಡಿದು, ತೂಗುಗುಂಡು ಇಳಿಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಅಳೆಯಿರಿ. ನೂರು ಅಡಿ ಟೇಪಿನ ಒಂದು ತುದಿ ಇನ್ನೊಂದಕ್ಕಿಂತ 14 ಅಡಿ ಮೇಲಿದ್ದರೆ ನಿಜವಾದ ದೂರ 99 ಅಡಿ ಮಾತ್ರ.

ಅಳತೆ ಬಂದು ನಿಂತ ಜಾಗದಲ್ಲಿ ಸುತ್ತ ಐದಾರು ಅಡಿಯೊಳಗೆ ನೋಡಿ. ಕಲ್ಲು ಮೇಲೆಯೇ ಇರುತ್ತದೆ ಎಂದುಕೊಳ್ಳಬೇಡಿ. ವರ್ಷ ವರ್ಷ ಉಳುಮೆಯ ಮಣ್ಣು ಬದುವಿಗೆ ಬಿದ್ದು ಬಿದ್ದು ಬದು ಎತ್ತರವಾಗುತ್ತದೆ, ಕಲ್ಲು ಒಳಗೇ ಉಳಿಯುತ್ತದೆ. ಲಂಟಾನ ಸವರಿ, ಹಾರೆಯನ್ನು ಕುಟ್ಟದೆ ಗೇಣಿಗೊಂದು ಕಡೆ ಮೆಲ್ಲಗೆ ಒತ್ತಿ ಇಳಿಸಿ. ಬೆಣಚು ತಾಗಿದರೆ ಹಾರೆ ಪಕ್ಕಕ್ಕೆ ಜಾರುತ್ತದೆ, ನೆಟ್ಟ ಕಲ್ಲು ತಾಗಿದರೆ ನಿಲ್ಲುತ್ತದೆ, ನಾಲ್ಕು ಬೆರಳು ಸರಿಸಿ ಒತ್ತಿದರೂ ಅದೇ ಆಳದಲ್ಲಿ ನಿಲ್ಲುತ್ತದೆ. ಆಗ ಹಾರೆ ಬಿಟ್ಟು ಕೈಯಲ್ಲಿ ಮಣ್ಣು ಬಿಡಿಸಿ. ಕೆಲವಕ್ಕೆ ನೆತ್ತಿಯ ಮೇಲೆ ಉಳಿಯ ಗುರುತು ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಗುರುತಿಗಿಂತ ನಿಂತಿರುವ ರೀತಿ ಮುಖ್ಯ. ಸರಿಯಾಗಿ ನೆಟ್ಟ ಕಲ್ಲಿನ ಹೆಚ್ಚು ಭಾಗ ನೆಲದೊಳಗಿರುತ್ತದೆ, ಸುತ್ತಲ ಮಣ್ಣು ಅಕ್ಕಪಕ್ಕದ ಮಣ್ಣಿನಷ್ಟೇ ಗಟ್ಟಿ. ಕಾಲಲ್ಲಿ ಒತ್ತಿದರೆ ಅಲ್ಲಾಡುವುದು, ಬುಡದಲ್ಲಿ ಸಡಿಲ ಮಣ್ಣು ಇರುವುದು, ಜೆಸಿಬಿ ಹಲ್ಲಿನ ಗೀರು ಇರುವುದು ಇವೆಲ್ಲ ಅನುಮಾನದ ಕಲ್ಲುಗಳು.

ಸಿಕ್ಕಿದರೆ ಅಗೆದು ಹೊರತೆಗೆಯಬೇಡಿ. ತಲೆ ಕಾಣುವಷ್ಟು ಬಿಡಿಸಿ, ಟೇಪು ಇಟ್ಟು ಎರಡು ದಿಕ್ಕಿನಿಂದ ಫೋಟೊ ತೆಗೆದು, ಅಲ್ಲಿಗೆ ನಿಲ್ಲಿಸಿ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ (ಸರ್ಕಾರಿ ಭೂಮಾಪಕರಿಂದ ಗಡಿ ಗುರುತಿಸಲು) ಅರ್ಜಿ ಕೊಡಿ. ಅಕ್ಕಪಕ್ಕದವರಿಗೆ ನೋಟಿಸು ಹೋಗಿ, ಅವರ ಎದುರಿಗೆ ಭೂಮಾಪಕರು ತೋರಿಸಿದ್ದು ಮಾತ್ರ ಗಡಿ. ನೀವು ಹುಡುಕಿದ್ದು ಅವರ ಕೆಲಸ ಹಗುರ ಮಾಡುತ್ತದೆ, ಬದಲಾಗಿ ನಿಲ್ಲುವುದಿಲ್ಲ. ಚಿಕ್ಕಪ್ಪನವರಿಗೂ ಹೇಳಿ: ಅಲ್ಲಿಯವರೆಗೆ ಬದುವಿಗೆ ಟ್ರ್ಯಾಕ್ಟರ್ ಹಾಕಿಸುವುದು ಬೇಡ.

ದಿಶಾಂಕ್ ಆ್ಯಪ್‌ನಲ್ಲಿ ನಮ್ಮ ಬೋರ್‌ವೆಲ್ ಪಕ್ಕದವರ ಸರ್ವೆ ನಂಬರಿನಲ್ಲಿ ತೋರಿಸುತ್ತಿದೆ. ಅವರು ಅದರ ಸ್ಕ್ರೀನ್‌ಶಾಟ್ ಹಿಡಿದು ಬೆದರಿಸುತ್ತಿದ್ದಾರೆ.

ಅದು ಯಾವ ಸರ್ವೆ ನಂಬರಿನ ಹತ್ತಿರ ನಿಂತಿದ್ದೀರಿ ಎಂದು ತಿಳಿಯಲು ಒಳ್ಳೆಯ ಆ್ಯಪ್. ಬದು ಬಿಡಿಸಲು ಅಲ್ಲ. ಅದರ ಹಿಂದಿರುವುದು ಗ್ರಾಮ ನಕ್ಷೆ. ಗ್ರಾಮ ನಕ್ಷೆ ಸಾಮಾನ್ಯವಾಗಿ 1:7920, ಇಂಚಿಗೆ 660 ಅಡಿ. ಆ ಕಾಗದದ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ನೆಲದಲ್ಲಿ ಆ ಗೆರೆಯೇ 13 ಅಡಿ. ಅದರ ಮೇಲೆ ನಿಮ್ಮ ಫೋನಿನ ಜಿಪಿಎಸ್ ಬಯಲಲ್ಲೇ ಐದು ಮೀಟರ್ ಆಚೀಚೆ, ತೋಟದೊಳಗೆ ಇನ್ನೂ ಹೆಚ್ಚು. ಐದು ಮೀಟರ್ ಎಂದರೆ ಹತ್ತಿರ ಹತ್ತಿರ ಅರ್ಧ ಸರಪಳಿ. ಹತ್ತು ಸರಪಳಿ ಉದ್ದದ ಬದುವನ್ನು ಅಷ್ಟು ಸರಿಸಿದರೆ 5 ಗುಂಟೆ ಕೈ ಬದಲಾಗುತ್ತದೆ. ಸ್ಕ್ರೀನ್‌ಶಾಟಿಗೆ ಹೆದರಬೇಡಿ, ನೀವೂ ಒಂದು ತೆಗೆದು ಎದುರು ಹಿಡಿಯಬೇಡಿ.

ಪಹಣಿಯಲ್ಲಿ 2 ಎಕರೆ 10 ಗುಂಟೆ. ಅಳೆದರೆ 2 ಎಕರೆ 4 ಗುಂಟೆ ಬರುತ್ತಿದೆ. 6 ಗುಂಟೆ ಯಾರು ತಿಂದರು?

ಯಾರೂ ತಿಂದಿರಲಿಕ್ಕಿಲ್ಲ. ಒಟ್ಟು ವಿಸ್ತೀರ್ಣದಲ್ಲಿ ಖರಾಬು ಸೇರಿದೆಯೇ ನೋಡಿ. ‘ಅ’ ಖರಾಬು ಸಾಗುವಳಿಗೆ ಬಾರದ ನೆಲ, ‘ಬ’ ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗದ್ದು. ನೀವು ದಾರಿ ಬಿಟ್ಟು ಅಳೆದಿದ್ದೀರಿ ಎಂದು ನನ್ನ ಅನುಮಾನ.

ಮೆಟಲ್ ಡಿಟೆಕ್ಟರ್ ಬಾಡಿಗೆಗೆ ತಂದರೆ ಕಲ್ಲು ಸಿಗುತ್ತದೆಯೇ?

ವಿದೇಶದ ವಿಡಿಯೋ ನೋಡಿದ್ದೀರಿ. ಅಲ್ಲಿ ಮೂಲೆಗೆ ಕಬ್ಬಿಣದ ಸರಳು ಹುಗಿದಿರುತ್ತಾರೆ. ನಿಮ್ಮದು ಕಲ್ಲು.

ನಮ್ಮೂರಿನಲ್ಲಿ ತೆಂಗಿನಕಾಯಿ ಹಿಡಿದು ಬೋರ್ ಪಾಯಿಂಟ್ ಹೇಳುವವರು ಬಾಂದು ಕಲ್ಲನ್ನೂ ತೋರಿಸುತ್ತಾರಂತೆ.

ತೋರಿಸುತ್ತಾರೆ, ಸಂಶಯವೇ ಇಲ್ಲ. ದುಡ್ಡು ಕೊಟ್ಟವರ ಪರವಾಗಿ ಎರಡು ಮಾರು ಆಚೆಗೇ ತೋರಿಸುತ್ತಾರೆ. ಕಾಯಿ ಎದ್ದು ನಿಂತಿತು ಎಂದು ತಹಶೀಲ್ದಾರರ ಮುಂದೆ ಹೇಳಿಕೆ ಕೊಡಲು ಆ ಮನುಷ್ಯ ಬರುತ್ತಾನೆಯೇ ಎಂದು ಮೊದಲು ಕೇಳಿ, ಆಮೇಲೆ ಕಾಯಿಗೆ ಕಾಸು ಕೊಡಿ.

ಬದುವಿನ ಮೇಲೆ ಲಿಂಗ ಕೆತ್ತಿದ ಕಲ್ಲು ಸಿಕ್ಕಿದೆ. ಇದು ಸರ್ವೆ ಕಲ್ಲೋ, ಕೆಳಗೆ ನಿಧಿ ಇರುತ್ತದೋ?

ಎರಡೂ ಅಲ್ಲ. ಅದು ಲಿಂಗಮುದ್ರೆ ಕಲ್ಲು ಇರಬೇಕು, ರಾಜರ ಕಾಲದಲ್ಲಿ ದೇವಸ್ಥಾನಕ್ಕೋ ಮಠಕ್ಕೋ ದಾನ ಬಿಟ್ಟ ಭೂಮಿಯ ಎಲ್ಲೆ. ವಾಮನ ಮುದ್ರೆಯವೂ ಹಾಗೆಯೇ. ಅಗೆಯಬೇಡಿ, ಫೋಟೊ ತೆಗೆದು ಪುರಾತತ್ವ ಇಲಾಖೆಗೆ ಕಳಿಸಿ.

ಈಶಾನ್ಯ ಮೂಲೆಯ ಬಾಂದು ಕಲ್ಲು ಒಳಗೆ ವಾಲಿದ್ದರೆ ವಾಸ್ತು ದೋಷವೇ?

ಮುಂದಿನ ಪ್ರಶ್ನೆ.

ಬೇಲಿ ಹಾಕಿ 12 ವರ್ಷ ದಾಟಿದೆ. ಇನ್ನು ಕಲ್ಲು ಎಲ್ಲಿದ್ದರೇನು, ಜಾಗ ನಮ್ಮದೇ ಅಲ್ಲವೇ?

ಇನ್ನೊಬ್ಬರ ಜಾಗವನ್ನು 12 ವರ್ಷ ಅನುಭವಿಸಿದರೆ ನಮ್ಮದಾಗುತ್ತದೆ ಎಂಬ ಮಾತು ಊರ ಕಟ್ಟೆಯ ಮೇಲೆ ಕೇಳಿದಷ್ಟು ಸಲೀಸಲ್ಲ. ಅದನ್ನು ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಸಾಬೀತು ಮಾಡುವ ಹೊರೆ ನಿಮ್ಮದೇ, ಮತ್ತು ಅದನ್ನು ಹೇಳಿದ ಕ್ಷಣವೇ ಜಾಗ ಮೂಲತಃ ಇನ್ನೊಬ್ಬರದು ಎಂದು ಒಪ್ಪಿಕೊಂಡ ಹಾಗೆ. ವಕೀಲರನ್ನು ನೋಡಿ. ಇದು ಟೇಪು ಹಿಡಿಯುವವನಿಗೆ ಕೇಳುವ ಪ್ರಶ್ನೆಯಲ್ಲ.