ಕೊಡಗಿನ ಸಣ್ಣ ವೈಲ್ಡ್‌ಲೈಫ್ ಟ್ರಾವೆಲ್ ಕಂಪನಿಯವರು ನಿಜಕ್ಕೂ ಏನು ಮಾಡುತ್ತಾರೆ?

ಅಪ್ಪನನ್ನು ಕರೆದುಕೊಂಡು ಜೂನ್‌ನಲ್ಲಿ ಕೊಡಗಿಗೆ ಬರಬೇಕು, ಐದಾರು ಜನ ಸೇರಿ ನಡೆಸುವ ಒಂದು ಸಣ್ಣ ಕಂಪನಿ ಸಿಕ್ಕಿದೆ, ನಾನೇ ನೇರವಾಗಿ ಸಫಾರಿ ಬುಕ್ ಮಾಡಿದರೆ ಸಾಲದಾ, ಇವರೆಲ್ಲ ಮಾಡೋದಾದರೂ ಏನು ಅಂತ ಕೇಳಿದ್ದೀರಿ.

ಸಾಲುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾಗರಹೊಳೆಯ ಕೊಡಗಿನ ಕಡೆ ಸಫಾರಿ ನಡೆಸುವುದು ಅರಣ್ಯ ಇಲಾಖೆ. ಗಾಡಿ ಅವರದು, ಡ್ರೈವರ್ ಅವರದು, ದಾರಿ ಅವರು ಹೇಳಿದ್ದು. ನಮ್ಮ ಕಂಪನಿಯ ಜೀಪು ಎಷ್ಟೇ ಚೆನ್ನಾಗಿರಲಿ, ಗೇಟಿನ ಹೊರಗೇ ನಿಲ್ಲಬೇಕು. ಯಾರಾದರೂ ನಿಮಗೆ ಫೋನಿನಲ್ಲಿ 'ನಮ್ಮ ಓನ್ ಜೀಪ್‌ನಲ್ಲೇ ಕಾಡೊಳಗೆ ಸಫಾರಿ ಮಾಡಿಸ್ತೀವಿ ಸಾರ್' ಅಂದರೆ ಅಲ್ಲೇ ಫೋನ್ ಇಟ್ಟುಬಿಡಿ.

ನಾನು ಗೋಣಿಕೊಪ್ಪದಲ್ಲಿ ಇಂಥದ್ದೇ ಒಂದು ಕಂಪನಿಯಲ್ಲಿ ಏಳು ವರ್ಷದಿಂದ ಇದ್ದೇನೆ. ಫೋನ್ ಎತ್ತುವವಳು, ಬುಕಿಂಗ್ ಮಾಡುವವಳು, ಲೆಕ್ಕ ಬರೆಯುವವಳು ನಾನೇ. ಕಾಡು ನೋಡಿದ್ದು ಕಡಿಮೆ. ಆಧಾರ್ ಕಾರ್ಡ್ ಫೋಟೋ ನೋಡಿದ್ದು ಜಾಸ್ತಿ.

ನಮ್ಮಂಥವರು ಯಾಕೆ ಬೇಕು ಅನ್ನೋದಕ್ಕೆ ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಸೇರಿದ ಮೊದಲ ವರ್ಷ. ಬೆಂಗಳೂರಿನ ಒಂದು ಕುಟುಂಬಕ್ಕೆ ಕೇರಳ ಗಡಿಯಲ್ಲಿರುವ ಕುಟ್ಟದ ಹತ್ತಿರ ರೂಮ್ ಮಾಡಿಕೊಟ್ಟಿದ್ದೆ. ಸಫಾರಿ ಮಾತ್ರ ದಮ್ಮನಕಟ್ಟೆಯಿಂದ ಬುಕ್ ಮಾಡಿದ್ದೆ. ಎರಡೂ ನಾಗರಹೊಳೆಯೇ ತಾನೇ ಅಂತ ನನ್ನ ಲೆಕ್ಕ! ಕುಟ್ಟದಲ್ಲಿ ಉಳಿದವರಿಗೆ ಹತ್ತಿರ ಇರುವುದು ನಾಣಚ್ಚಿ ಗೇಟು. ದಮ್ಮನಕಟ್ಟೆ ಇರುವುದು ಆಚೆ ತುದಿಯಲ್ಲಿ, ಕಬಿನಿ ಕಡೆ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ವೀರನಹೊಸಹಳ್ಳಿ ಗೇಟು ಇನ್ನೊಂದು ಕಡೆ, ಹುಣಸೂರಿನ ಹತ್ತಿರ. ಬೆಳಿಗ್ಗೆ ಬೇಗ ಹೊರಟರಾಯಿತು ಅಂದುಕೊಂಡರೆ ಅದೂ ಆಗಲ್ಲ. ಕಾಡಿನ ರಸ್ತೆಗಳು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಕುಟ್ಟದಿಂದ ನಾಗರಹೊಳೆ ಮೂಲಕ ಹೋಗುವ ದಾರಿಯೂ ಅಷ್ಟೆ, ಕೇರಳದ ತೋಲ್ಪೆಟ್ಟಿ, ಬಾವಲಿ ಸುತ್ತಿಕೊಂಡು ಬರುವ ದಾರಿಯೂ ಅಷ್ಟೆ. ರಸ್ತೆಯ ಗೇಟು ತೆಗೆಯುವ ಹೊತ್ತಿಗೆ ದಮ್ಮನಕಟ್ಟೆಯಲ್ಲಿ ಸಫಾರಿ ಗಾಡಿ ಹೊರಡುವ ಸಮಯ. ಆ ಕುಟುಂಬದವರು ಗೇಟಿನ ಮುಂದೆ ಕಾರಿನಲ್ಲಿ ಕೂತು ನನಗೆ ಫೋನ್ ಮಾಡಿದರು. ಬೈಯಲಿಲ್ಲ. ಹಿಂದಿನ ಸೀಟಿನಲ್ಲಿ ಮಗು ಅಳುವುದು ಕೇಳಿಸುತ್ತಿತ್ತು. ಬೈದಿದ್ದರೇ ವಾಸಿಯಿತ್ತು.

ತಪ್ಪಿಹೋದ ಸಫಾರಿಯ ದುಡ್ಡು ನನ್ನ ಸಂಬಳದಿಂದ ಹೋಗಲಿಲ್ಲ, ಓನರ್ ತಮ್ಮ ಜೇಬಿನಿಂದ ಕೊಟ್ಟರು. ಅವತ್ತಿನಿಂದ ಫೋನಿನಲ್ಲಿ ನನ್ನ ಮೊದಲ ಪ್ರಶ್ನೆ ಒಂದೇ: 'ರೂಮ್ ಎಲ್ಲಿ?'

ಇನ್ನು ನಮ್ಮ ಡ್ರೈವರ್ ಅಣ್ಣ. ಇವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಗೆಸ್ಟ್‌ಗಳು ಹೊಗಳುವುದು ಪ್ರಾಣಿ, ಪಕ್ಷಿ ಗುರುತಿಸಿ ಹೇಳುವ ನ್ಯಾಚುರಲಿಸ್ಟ್ ಹುಡುಗನನ್ನು, ಟಿಪ್ಸ್ ಕೊಡುವುದು ಅವನಿಗೆ. ಗೆಸ್ಟ್‌ಗಳ ಜೀವ ಇರುವುದು ಮಾತ್ರ ಈ ಅಣ್ಣನ ಕೈಯಲ್ಲಿ.

ಕೊಡಗಿನಲ್ಲಿ ಆನೆ ನೋಡಲು ಕಾಡಿಗೇ ಹೋಗಬೇಕಾಗಿಲ್ಲ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆ ಅಂತ ಅಂದಾಜು ಮಾಡಿದರು. ಅವುಗಳಲ್ಲಿ ಕೆಲವಕ್ಕೆ ಕಾಫಿ ತೋಟವೇ ಮನೆ. ನೀರಿದೆ, ನೆರಳಿದೆ, ಮಳೆಗಾಲ ಬಂದರೆ ಹಲಸಿನ ಹಣ್ಣಿದೆ. ಸಿದ್ದಾಪುರ, ತಿತಿಮತಿ ಕಡೆ ಬೆಳಿಗ್ಗೆ ಎದ್ದ ತಕ್ಷಣ ಜನ ಮೊದಲು ನೋಡುವುದು ವಾಟ್ಸಾಪ್. ಯಾವ ತೋಟದಲ್ಲಿ ಆನೆ ಇದೆ, ಇವತ್ತು ಕೆಲಸಕ್ಕೆ ಹೋಗಬಹುದಾ ಅಂತ.

ಒಂದು ದಿನ ನಾನೂ ಆ ಗಾಡಿಯಲ್ಲಿದ್ದೆ. ಗೋಣಿಕೊಪ್ಪದಿಂದ ಕುಟ್ಟದ ಕಡೆ ಹೋಗುವ ದಾರಿ. ಕಾನೂರು ದಾಟಿದ್ದೆವು. ಬೆಳಿಗ್ಗೆ ಐದು ಗಂಟೆ ಇರಬಹುದು, ಮಂಜು. ರಸ್ತೆ ಖಾಲಿ, ಎದುರಿಗೆ ಏನೂ ಇಲ್ಲ. ಅಣ್ಣ ಸುಮ್ಮನೆ ಗಾಡಿ ನಿಲ್ಲಿಸಿದರು. ಎಂಜಿನ್ ಆಫ್ ಮಾಡಲಿಲ್ಲ. ಕಿಟಕಿ ಗಾಜು ಇಳಿಸಿ ಮೂಗು ಹೊರಗೆ ಹಾಕಿದರು. 'ಇದೆ' ಅಂದರು ಅಷ್ಟೆ. ಹಿಂದೆ ಕೂತಿದ್ದ ಗೆಸ್ಟ್ 'ಸಫಾರಿಗೆ ಲೇಟ್ ಆಗುತ್ತೆ, ಹೋಗೋಣ' ಅಂತ ಎರಡು ಸಲ ಹೇಳಿದರು. ಅಣ್ಣ ಉತ್ತರ ಕೊಡಲಿಲ್ಲ. ಗಾಡಿಯನ್ನು ರಿವರ್ಸ್ ಗೇರಿಗೆ ಹಾಕಿ ಕ್ಲಚ್ ಒತ್ತಿಕೊಂಡೇ ಕೂತರು. ನನಗೂ ಆಗ ವಾಸನೆ ಬಂತು. ಒದ್ದೆ ಹುಲ್ಲು, ಲದ್ದಿ, ಹಳೆಯ ಗೋಣಿಚೀಲ ಎಲ್ಲ ಸೇರಿದ ಹಾಗೆ. ಬೇಲಿ ತಂತಿ ಒಮ್ಮೆ ಕಿರ್ರ್ ಅಂತು. ಎಡಗಡೆ ತೋಟದಿಂದ ಒಂದು ಹೆಣ್ಣಾನೆ ರಸ್ತೆಗೆ ಇಳಿಯಿತು. ಹಿಂದೆ ಇನ್ನೊಂದು. ನಡುವೆ ಮರಿ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ, ಬಲಗಡೆ ತೋಟಕ್ಕೆ ಹತ್ತಿದವು. ಅವು ಹೋದ ಮೇಲೂ ಅಣ್ಣ ಹೊರಡಲಿಲ್ಲ. 'ಇನ್ನೊಂದು ಇರ್ತದೆ' ಅಂದರು. ಇತ್ತು. ಸ್ವಲ್ಪ ಹೊತ್ತಾದ ಮೇಲೆ ಬಂತು, ಒಂಟಿಯಾಗಿ, ನಿಧಾನಕ್ಕೆ.

ಸಫಾರಿಗೆ ಸರಿಯಾಗಿ ತಲುಪಿದೆವು. ಒಳಗೆ ಜಿಂಕೆ, ಕಾಟಿ (ಕಾಡೆಮ್ಮೆ) ಬಿಟ್ಟರೆ ಏನೂ ಕಾಣಲಿಲ್ಲವಂತೆ.

ನ್ಯಾಚುರಲಿಸ್ಟ್ ಹುಡುಗ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದಿದವನು. ಹಕ್ಕಿ ಅಂದರೆ ಪ್ರಾಣ. ತೋಟದಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಕೂಗಿದರೆ ಊಟ ಬಿಟ್ಟು ಓಡುತ್ತಾನೆ. ಬೇರೆ ಕಡೆ ಒಳ್ಳೆ ಕೆಲಸ ಸಿಕ್ಕರೆ ಹೋಗುತ್ತಾನೆ, ಹೋಗಲೂ ಬೇಕು. ನಮ್ಮಲ್ಲಿ ಸಂಬಳ ಅಷ್ಟಕ್ಕಷ್ಟೆ.

ಎಲ್ಲರಿಗಿಂತ ಕಾಡು ಗೊತ್ತಿರುವವರು ಇನ್ನೊಬ್ಬರಿದ್ದಾರೆ. ಜೇನು ಕುರುಬರು, ತಿತಿಮತಿ ಹತ್ತಿರದ ಹಾಡಿಯವರು. ವಯಸ್ಸು ಕೇಳಿದರೆ ನಗುತ್ತಾರೆ. ಅವರ ಕಡೆಯವರು ಎಷ್ಟೋ ಜನ ಆನೆ ಕ್ಯಾಂಪುಗಳಲ್ಲಿ ಮಾವುತರು, ಅವರ ಸಹಾಯಕರಾದ ಕಾವಾಡಿಗಳು. ದುಬಾರೆಯಲ್ಲಿ, ಮತ್ತಿಗೋಡಿನಲ್ಲಿ ನೀವು ನೋಡುವ ಆನೆಗಳನ್ನು ಸಾಕುವವರಲ್ಲಿ ಇವರೇ ಹೆಚ್ಚು. ಈ ಅಜ್ಜ ನಮ್ಮ ಗೆಸ್ಟ್‌ಗಳನ್ನು ತೋಟದ ಅಂಚಿನಲ್ಲಿ ನಡೆಸಿಕೊಂಡು ಹೋಗುತ್ತಾರೆ. ಯಾವ ಮರದಲ್ಲಿ ಜೇನು, ಕರಡಿ ಎಲ್ಲಿ ಪರಚಿದೆ, ಮುಸಿಯ (ಲಂಗೂರ್ ಕೋತಿ) ಕೂಗಿದ್ದು ಹುಲಿ ಕಂಡೋ ಸುಮ್ನೆ ಜಗಳಕ್ಕೋ, ಎಲ್ಲ ಹೇಳುತ್ತಾರೆ. ಆದರೆ ಗೆಸ್ಟ್ ಜೊತೆ ಅವರೂ ಸಫಾರಿಗೆ ಹೋಗಬೇಕೆಂದರೆ ನಾನು ಅವರ ಹೆಸರಿನಲ್ಲೂ ಟಿಕೆಟ್ ತೆಗೆಯಬೇಕು. ಅವರು ಹುಟ್ಟಿದ್ದು ಈಗ ಸಫಾರಿ ಗಾಡಿ ಓಡಾಡುವ ಕಾಡಿನೊಳಗೆ. 1999ರ ನಂತರ ಅಲ್ಲಿಂದ ಎಷ್ಟೋ ಕುಟುಂಬಗಳನ್ನು ಹುಣಸೂರು ಕಡೆಯ ನಾಗಾಪುರಕ್ಕೆ ಸಾಗಿಸಿದರು. ಇವರ ಅಣ್ಣ ಹೋದರು, ಇವರು ಹೋಗಲಿಲ್ಲ. ಮೊದಲ ಸಲ ಟಿಕೆಟ್ ಕೈಗೆ ಕೊಟ್ಟಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. 'ಇದರಲ್ಲಿ ನನ್ನ ಹೆಸರು ಎಲ್ಲಿದೆ ಅಕ್ಕ?' ಅಂತ ಕೇಳಿದರು. ತೋರಿಸಿದೆ. ಮಡಚಿ ಜೇಬಿನಲ್ಲಿ ಇಟ್ಟುಕೊಂಡರು.

ಹಾಗಂತ ಇಲಾಖೆಯವರನ್ನು ನಾನು ದೂರಲಾರೆ. ನಾಗರಹೊಳೆಯಲ್ಲಿ ಇವತ್ತು ಪ್ರಾಣಿ ಉಳಿದಿದ್ದರೆ ಅದಕ್ಕೆ ನಮ್ಮ ಕೊಡಗಿನವರೇ ಆದ ರೇಂಜರ್ ಕೆ.ಎಂ. ಚಿಣ್ಣಪ್ಪನವರಂಥವರು ಕಾರಣ. ಮಳೆಯಲ್ಲಿ, ಜಿಗಣೆ ನಡುವೆ ಗಸ್ತು ತಿರುಗುವ ವಾಚರ್‌ಗಳು ಕಾರಣ. ನಾವು ಅವರು ಕಾಯ್ದ ಕಾಡನ್ನು ತೋರಿಸಿ ಸಂಬಳ ತಗೊಳ್ಳುವವರು. ಆ ಲೆಕ್ಕ ನನಗೆ ಗೊತ್ತಿದೆ.

ಓನರ್ ಬಗ್ಗೆ ಹೆಚ್ಚಿಗೆ ಹೇಳುವಂಥದ್ದಿಲ್ಲ. ಕೊಡವರು, ಬೆಂಗಳೂರಿನ ಕೆಲಸ ಬಿಟ್ಟು ಬಂದವರು, ಸ್ವಲ್ಪ ರೋಬಸ್ಟಾ ತೋಟ ಇದೆ. ಕೊಡವರ ಸುಗ್ಗಿ ಹಬ್ಬ ಪುತ್ತರಿ ದಿನ ಪ್ರಧಾನಿ ಬಂದರೂ ಬುಕಿಂಗ್ ತಗೊಳ್ಳಲ್ಲ. ಕಂಪನಿ ನಷ್ಟದಲ್ಲಿದ್ದಾಗ ಕಾಫಿ, ಮೆಣಸು ಮಾರಿದ ದುಡ್ಡಿನಲ್ಲಿ ನಮಗೆ ಸಂಬಳ ಕೊಟ್ಟಿದ್ದಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಪ್ರವಾಸಿಗರೇ ಬರದೆ ಹೋದಾಗಲೂ ಹಾಗೇ ನಡೆದಿತ್ತಂತೆ, ಅದು ನಾನು ಸೇರುವ ಮೊದಲು. ಕೊರೊನಾ ಬಂದಾಗ ನಾನೇ ಕಣ್ಣಾರೆ ಕಂಡೆ. 2025ರ ನವೆಂಬರ್‌ನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಸತ್ತ ಮೇಲೆ ಸರ್ಕಾರ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿತು. ಸೀಸನ್ ಶುರುವಾಗುವ ಹೊತ್ತು. ವಾರಗಟ್ಟಲೆ ನನ್ನ ಕೆಲಸ ಒಂದೇ, ದುಡ್ಡು ವಾಪಸ್ ಕಳಿಸುವುದು. ಡ್ರೈವರ್ ಅಣ್ಣ ಕಾಫಿ ಮೂಟೆ ಸಾಗಿಸಲು ಹೋದರು. ನಿಲ್ಲಿಸಿದ್ದು ತಪ್ಪು ಅಂತ ನಮ್ಮಲ್ಲಿ ಯಾರೂ ಅನ್ನಲಿಲ್ಲ. ದನ ಮೇಯಿಸುವವರ ಮನೆಯ ಕಷ್ಟ ನಮಗೂ ಗೊತ್ತು ತಾನೇ.

ಹುಲಿ ವಿಷಯ. 2022ರ ಅಂದಾಜಿನಲ್ಲಿ ನಾಗರಹೊಳೆಗೆ 141 ಹುಲಿ ಅಂತ ಬಂತು. ಆ ನಂಬರ್ ಓದಿಕೊಂಡು 'ಮೇಡಂ, ನೂರ ನಲವತ್ತೊಂದರಲ್ಲಿ ಒಂದಾದರೂ ತೋರಿಸಲ್ವಾ?' ಅನ್ನುವವರು ವಾರಕ್ಕೊಬ್ಬರು ಸಿಗುತ್ತಾರೆ. ರಾಷ್ಟ್ರೀಯ ಉದ್ಯಾನ 643 ಚದರ ಕಿಲೋಮೀಟರ್ ಇದೆ. ಸಫಾರಿ ಓಡಾಡುವುದು ಅದರಲ್ಲಿ ಒಂದು ಸಣ್ಣ ಭಾಗದಲ್ಲಿ. ಕಂಡರೆ ಕಂಡಿತು.

ಹಾಗಾಗಿ ನಿಮಗೆ ಸಿಕ್ಕಿರುವ ಕಂಪನಿಗೆ ಫೋನ್ ಮಾಡಿ. ಯಾವ ಗೇಟು ಅಂತ ಕೇಳಿ. ಅಲ್ಲಿಂದ ರೂಮ್ ಎಷ್ಟು ದೂರ ಅಂತ ಕೇಳಿ. ಗಾಡಿ ಓಡಿಸುವವರು ಇಲ್ಲಿನವರಾ ಅಂತ ತಪ್ಪದೆ ಕೇಳಿ. ಮಡಿಕೇರಿ, ದುಬಾರೆ, ರಾಜಾಸೀಟು ಅಷ್ಟೇ ನೋಡುವುದಾದರೆ ಯಾವ ಕಂಪನಿಯೂ ಬೇಡ, ಸುಮ್ನೆ ದುಡ್ಡು ದಂಡ.

ಕೊನೆಗೆ, ಜೂನ್‌ನಲ್ಲಿ ಬರುವ ಪ್ಲಾನ್ ಇದೆ ಅಂತಲೂ, ಅಪ್ಪನಿಗೆ ಮಂಡಿ ನೋವು ಅಂತಲೂ ಬರೆದಿದ್ದೀರಿ. ನಿಮ್ಮ ಫೋನ್ ನನಗೆ ಬಂದಿದ್ದರೆ ಬೇಡ ಅನ್ನುತ್ತಿದ್ದೆ. ಹಗಲು ರಾತ್ರಿ ಮಳೆ, ಜಾರುವ ನೆಲ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ ಬನ್ನಿ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಹೂವಾಗಿ ಬೆಳ್ಳಗಾಗಿರುತ್ತದೆ. ಅಪ್ಪ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರೂ ಆ ಪರಿಮಳ ಅಲ್ಲಿಗೇ ಬರುತ್ತದೆ. ಅದಕ್ಕೆ ಟಿಕೆಟ್ ಇಲ್ಲ.